ಪ್ಲೈವುಡ್ಡಿನ ಎಪ್ಪತ್ತಮೂರು ಜಿಂಕೆಗಳು

"ಊಟಕ್ಕೆ ಎಷ್ಟು ಜನ ಬರ್ತಾರಮ್ಮ?" ಎಂದು ಅತ್ತೆ ಕೇಳಿದರೆ "ಎಂಟರಿಂದ ಹದಿನಾಲ್ಕರೊಳಗೆ" ಎಂದು ಉತ್ತರ ಕೊಡುವ ಸೊಸೆಯನ್ನು ಕಟ್ಟಿಕೊಂಡು ಸಂಸಾರ ತೂಗಿಸುವುದು ಹುಡುಗಾಟವಲ್ಲ. ಮಗನ ಮದುವೆಯಾದಂದಿನಿಂದ ಅತ್ತೆ ತೂಗಿಸಿಕೊಂಡು ಬಂದಿದ್ದರು. ಹದಿನಾಲ್ಕು ಜನಕ್ಕೆ ಬೇಯಿಸಿಟ್ಟು, ಒಂಬತ್ತು ಜನ ಬಂದು ಉಂಡು ಹೋದ ಮೇಲೆ, ಉಳಿದದ್ದನ್ನು ಮುಚ್ಚಿಡುತ್ತ, "ನಿನ್ನ ಲೆಕ್ಕ ತಪ್ಪಿದ್ದುಂಟಾ ತಾಯಿ, ಎಂಟಕ್ಕೂ ಹದಿನಾಲ್ಕಕ್ಕೂ ಮಧ್ಯೆ ಜಗತ್ತೇ ಹಿಡಿಯುತ್ತೆ" ಎನ್ನುತ್ತಿದ್ದರು. ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು. ಲೆಕ್ಕ ನಿಜವಾಗಿಯೂ ಸರಿಯಾಗಿತ್ತಲ್ಲ, ಅದಕ್ಕೇ ಹೆಚ್ಚು ಉರಿ.

ಹೊರಗೆ ಇದೇ ಸೊಸೆಗೆ ಅಂದಾಜು ಮೇಡಂ ಎಂದು ಹೆಸರು. ಕಾಡು ಕಾಯುವ ಗಾರ್ಡುಗಳಿಗೆ ತರಬೇತಿ ಕೊಡುವ ಶಾಲೆಯೊಂದರಲ್ಲಿ ಅವರು ಪಾಠ ಮಾಡುತ್ತಿದ್ದರು. ಒಂದು ಕಾಡಿನಲ್ಲಿ ಜಿಂಕೆ ಎಷ್ಟಿವೆ, ಹಂದಿ ಎಷ್ಟಿವೆ ಎಂದು ಅವನ್ನೆಲ್ಲ ಸಾಲಾಗಿ ನಿಲ್ಲಿಸಿ ಎಣಿಸದೆ ತಿಳಿಯುವುದು ಹೇಗೆ ಎಂಬುದು ಪಾಠ. ಬಂದೂಕು ಹಿಡಿಯುವುದು, ಜೀಪು ಓಡಿಸುವುದು, ಬೆಂಕಿ ಆರಿಸುವುದು, ಇವೆಲ್ಲ ಮುಗಿದು ಊಟವಾದ ಮೇಲಿನ ಪೀರಿಯಡ್ಡು ಅವರದು. ಬೆಳಿಗ್ಗೆಯಿಂದ ಡ್ರಿಲ್ ಮಾಡಿ, ಹೊಟ್ಟೆ ತುಂಬ ಉಂಡು ಬಂದ ಮೂವತ್ತು ಗಂಡಸರಿಗೆ, ಗಾಳಿಗಿಂತ ಹೆಚ್ಚು ಸದ್ದು ಮಾಡುವ ಫ್ಯಾನಿನ ಕೆಳಗೆ, ಗಣಿತ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ. ಕೋಣವಾದರೆ ಗೊರಕೆ ಹೊಡೆಯುವುದಿಲ್ಲ.

ಮೊದಲು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಈ ಶಾಲೆಗೆ ಬಂದಿದ್ದರು. ಬಂದ ವರ್ಷವೇ ಎಣಿಕೆ ಎಂದರೇನು ಎಂದು ಕಣ್ಣಾರೆ ಕಂಡರು. ಗಾರ್ಡುಗಳೆಲ್ಲ ಒಂದು ದಿನ ಕಾಡು ಹೊಕ್ಕು ಹೊರಗೆ ಬರುತ್ತಿದ್ದರು. ಆಮೇಲೆ ಆಫೀಸಿನಲ್ಲಿ ಕೂತು, ಹೋದ ವರ್ಷದ ಸಂಖ್ಯೆಗೆ ಒಂದಿಷ್ಟು ಒಗ್ಗರಣೆ ಹಾಕಿ ಮೇಲಕ್ಕೆ ಕಳಿಸುತ್ತಿದ್ದರು. ಕಾಡು ಒಣಗಲಿ, ರೋಗ ಬರಲಿ, ಜಿಂಕೆಗಳು ಮಾತ್ರ ಸರ್ಕಾರಿ ನೌಕರರ ಸಂಬಳದ ಹಾಗೆ ವರ್ಷ ವರ್ಷವೂ ತಪ್ಪದೆ ಏರುತ್ತಿದ್ದವು. "ಇದು ಎಣಿಕೆಯಾ?" ಎಂದು ಕೇಳಿದ್ದಕ್ಕೆ ಆಗಿನ ಹೆಡ್ ಗುಮಾಸ್ತರು, "ನಾವಿಷ್ಟಿಲ್ಲ ಅಂತ ಜಿಂಕೆಗಳೇನು ಬಂದು ತಕರಾರು ಮಾಡ್ತಾವಾ ಮೇಡಂ?" ಎಂದಿದ್ದರು. ಆ ಮಾತು ನಾಟಿತು. ರಜೆ ಹಾಕಿ, ದೂರದ ವಿಶ್ವವಿದ್ಯಾಲಯವೊಂದರಲ್ಲಿ ಈ ವಿದ್ಯೆ ಕಲಿತು ಬಂದು, ಹಟ ಹಿಡಿದು ಮೂರು ವಾರದ ಕೋರ್ಸ್ ಶುರು ಮಾಡಿಸಿದರು. ಅವತ್ತಿನಿಂದ ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದೇ ಅವರ ಕೆಲಸವಾಯಿತು.

ವಿದ್ಯೆ ತೀರ ಕಷ್ಟದ್ದಲ್ಲ. ಕಾಡಿನಲ್ಲಿ ನೇರ ಗೆರೆ ಹಾಕಿಕೊಂಡು ಅದರ ಮೇಲೆ ನಡೆಯಬೇಕು. ಪ್ರಾಣಿ ಕಂಡರೆ, ಅದು ಗೆರೆಯಿಂದ ಎಷ್ಟು ದೂರದಲ್ಲಿತ್ತು ಎಂದು ಅಳೆದು ಬರೆಯಬೇಕು. "ಅಂಗಿ ಗುಂಡಿಗಳ ಡಬ್ಬಿ ಕೈತಪ್ಪಿ ರೂಮಿನ ತುಂಬ ಚೆಲ್ಲಿತು ಅಂದ್ಕೊಳ್ಳಿ," ಎಂದು ಮೇಡಂ ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು. "ಕಾಲ ಬುಡದಲ್ಲಿ ಬಿದ್ದದ್ದೆಲ್ಲ ಸಿಗುತ್ತೆ. ದೂರ ಹೋದಷ್ಟೂ ಸಿಗೋದು ಕಡಿಮೆ. ಗುಂಡಿ ಅಲ್ಲಿ ಬಿದ್ದಿಲ್ಲ ಅಂತಲ್ಲ, ನಿಮ್ಮ ಕಣ್ಣಿಗೆ ಬಿದ್ದಿಲ್ಲ. ದೂರ ಹೋದ ಹಾಗೆ ಸಿಗೋದು ಎಷ್ಟು ಬೇಗ ಕಡಿಮೆ ಆಯ್ತು ಅನ್ನೋದರಿಂದ, ಸಿಗದೆ ಉಳಿದದ್ದು ಎಷ್ಟು ಅಂತ ಲೆಕ್ಕ ಹಾಕಬಹುದು."

ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಯಾವ ಬ್ಯಾಚಿನಲ್ಲೂ ತಪ್ಪುತ್ತಿರಲಿಲ್ಲ. "ಕಾಣದೇ ಇರೋದನ್ನ ಎಣಿಸೋದು ಸುಳ್ಳಲ್ವಾ ಮೇಡಂ?"

ನೋಡಿ ನ್ಯಾಯ. ಕಾಣದ್ದನ್ನು ಲೆಕ್ಕ ಹಾಕಿದರೆ ಸುಳ್ಳು, ಹೋದ ವರ್ಷದ್ದಕ್ಕೆ ನಾಲ್ಕು ಸೇರಿಸಿದರೆ ನಿಜ. ಮೇಡಂ ಹಲ್ಲು ಕಚ್ಚಿಕೊಂಡು ಮತ್ತೆ ಗುಂಡಿ ಡಬ್ಬಿಯಿಂದ ಶುರು ಮಾಡುತ್ತಿದ್ದರು. ಇಷ್ಟೆಲ್ಲ ಹೇಳಿದ ಮೇಲೂ ಉತ್ತರ ಒಂದೇ ಸಂಖ್ಯೆಯಾಗಿ ಬರುವುದಿಲ್ಲ, ಇಷ್ಟರಿಂದ ಇಷ್ಟರೊಳಗೆ ಎಂದು ಬರುತ್ತದೆ ಎಂದಾಗ ತರಗತಿಯಲ್ಲಿ ಉಳಿದಿದ್ದ ಒಂದಿಬ್ಬರ ಆಸಕ್ತಿಯೂ ಹೋಗುತ್ತಿತ್ತು.

ಅದಕ್ಕಾಗಿ ಮೇಡಂ ಒಂದು ಉಪಾಯ ಮಾಡಿಕೊಂಡಿದ್ದರು. ಶಾಲೆಯ ಹಿಂದೆ ಕುರುಚಲು ಪೊದೆ ಬೆಳೆದ ಬಯಲಿತ್ತು. ಪ್ಲೈವುಡ್ಡಿನಲ್ಲಿ ಜಿಂಕೆಗಳನ್ನು ಕೊರೆಸಿ, ಕಂದು ಬಣ್ಣ ಬಳಿಸಿ, ಅಲ್ಲಲ್ಲಿ ನೆಡುತ್ತಿದ್ದರು. ಎಷ್ಟು ನೆಟ್ಟಿದ್ದಾರೆ ಎಂಬುದು ಅವರೊಬ್ಬರಿಗೇ ಗೊತ್ತು, ವರ್ಷಕ್ಕೊಂದು ಸಂಖ್ಯೆ. ಗಾರ್ಡುಗಳು ಐದು ತಂಡಗಳಾಗಿ, ಹಗ್ಗ ಎಳೆದ ಗೆರೆಗಳ ಮೇಲೆ ನಡೆದು, ದೂರ ಅಳೆದು, ತಮ್ಮ ತಮ್ಮ ಅಂದಾಜು ಹೇಳಬೇಕು. ಕೊನೆಗೆ ಮೇಡಂ ನಿಜವಾದ ಸಂಖ್ಯೆ ಹೇಳುತ್ತಿದ್ದರು. ಕಾಡಿನಲ್ಲಿ ಈ ಸುಖ ಯಾರಿಗೂ ಇಲ್ಲ. ನಿನ್ನ ಲೆಕ್ಕ ಸರಿ ಎಂದೋ ತಪ್ಪು ಎಂದೋ ಹೇಳಲು ಅಲ್ಲಿ ಯಾರೂ ಬರುವುದಿಲ್ಲ.

ಈ ವರ್ಷ ಎರಡು ತೊಂದರೆ ಜೊತೆಯಾಗಿ ಬಂದವು. ಒಂದು, ಮೇಡಂ ಮೆಟ್ಟಿಲಿಳಿಯುವಾಗ ಕಾಲು ತಿರುಚಿ ಮಂಡಿ ಊದಿಸಿಕೊಂಡರು. ಪೊದೆಗಳಲ್ಲಿ ಓಡಾಡಿ ಜಿಂಕೆ ನೆಡುವುದು ಆಗದೆ ಆ ಕೆಲಸವನ್ನು ಶಾಲೆಯ ಬಡಗಿಗೆ ಒಪ್ಪಿಸಿದರು. "ಎಪ್ಪತ್ತಮೂರು ನೆಡು. ಯಾರು ಕೇಳಿದರೂ ಬಾಯಿ ಬಿಡಬೇಡ" ಎಂದರು. ಬಡಗಿ ತಲೆಯಾಡಿಸಿದ. ಇನ್ನೊಂದು, ಕೇಂದ್ರ ಕಚೇರಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಮೂರು ವಾರದ ಈ ಕೋರ್ಸನ್ನು ಒಂದು ಮಧ್ಯಾಹ್ನದ ಭಾಷಣಕ್ಕೆ ಇಳಿಸಿ, ಉಳಿದ ಸಮಯವನ್ನು ಜೀಪು ಕಲಿಸಲು ಕೊಡಬೇಕು ಎಂದು ಅವರ ಮನಸ್ಸಿನಲ್ಲಿತ್ತು. ಪ್ಲೈವುಡ್ ಜಿಂಕೆಗಳ ಪರೀಕ್ಷೆ ನೋಡಿ ತೀರ್ಮಾನಿಸುತ್ತೇನೆ ಎಂದು ಹೇಳಿ ಕಳಿಸಿದ್ದರು.

ಮೇಡಂಗೆ ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಅವರಾದ ಮೇಲೆ ಈ ಪಾಠ ಹೇಳುವವರು ಶಾಲೆಯಲ್ಲಿ ಇನ್ನೊಬ್ಬರಿಲ್ಲ. ಕೋರ್ಸ್ ಒಮ್ಮೆ ಹೋಯಿತೆಂದರೆ ಹೋಯಿತು, ಮತ್ತೆ ಒಗ್ಗರಣೆಯ ಕಾಲವೇ ಬರುತ್ತದೆ. ಊಟಕ್ಕೆ ಕೂತಾಗಲೂ ಅವರ ತಲೆಯಲ್ಲಿ ಅದೇ ತಿರುಗುತ್ತಿತ್ತು. "ಅನ್ನದ ಮುಂದೆ ಕೂತು ಕಾಡಿನಲ್ಲಿರ್ತೀಯಲ್ಲ," ಎಂದು ಅತ್ತೆ ಗದರಿಸಿದರು.

ಈ ಬ್ಯಾಚಿನ ಲೀಡರಿಗೆ ಕಂಡಕ್ಟರ್ ಎಂದು ಅಡ್ಡಹೆಸರು. ಗಾರ್ಡ್ ಕೆಲಸಕ್ಕೆ ಸೇರುವ ಮುಂಚೆ ಅವನು ನಿಜವಾಗಿಯೂ ಬಸ್ ಕಂಡಕ್ಟರ್ ಆಗಿದ್ದ. ಹರಿದ ಟಿಕೆಟಿಗೂ ಬಸ್ಸಿನಲ್ಲಿರುವ ತಲೆಗೂ ತಾಳೆಯಾಗದಿದ್ದರೆ ಚೆಕಿಂಗಿನವರು ಏನು ಮಾಡುತ್ತಾರೆ ಎಂದು ಉಂಡು ಬಲ್ಲವನು. ಎರಡು ಸಂಖ್ಯೆ ಹೊಂದಲಿಲ್ಲ ಎಂದರೆ ನಡುವೆ ಒಬ್ಬ ಕಳ್ಳ ಇದ್ದೇ ಇದ್ದಾನೆ ಎಂಬುದು ಅವನ ನಂಬಿಕೆ. ಆದರೆ ಮನುಷ್ಯ ಒಳ್ಳೆಯವನು. ಮೇಡಂ ಮಂಡಿ ಹಿಡಿದುಕೊಂಡು ನಿಂತರೆ ಕೇಳುವ ಮುಂಚೆ ಕುರ್ಚಿ ತಂದಿಡುತ್ತಿದ್ದ. ನಿದ್ದೆ ಹೋದವರನ್ನು ಮೊಣಕೈಯಲ್ಲಿ ತಿವಿದು ಎಬ್ಬಿಸುತ್ತಿದ್ದ. ಕೋರ್ಸಿಗೆ ಕುತ್ತು ಬಂದಿದೆ ಎಂದು ಆಫೀಸಿನವರಿಂದ ಮೊದಲು ತಿಳಿದುಕೊಂಡವನೂ ಅವನೇ.

ಸಾಹೇಬರು ಬಂದ ದಿನ ತಂಡಗಳು ಬೆಳಿಗ್ಗೆಯೇ ಗೆರೆ ಹಿಡಿದು ನಡೆದವು. ಊಟದ ಬಿಡುವಿನಲ್ಲಿ ಲೆಕ್ಕ ಹಾಕಿದವು. ಮಧ್ಯಾಹ್ನ ಸಾಹೇಬರು ಪ್ರಿನ್ಸಿಪಾಲರ ಜೊತೆ ಮುಂದಿನ ಬೆಂಚಿನಲ್ಲಿ ಕೂತರು. ಒಂದೊಂದು ತಂಡದಿಂದ ಒಬ್ಬೊಬ್ಬ ಎದ್ದು ಬಂದು ಬೋರ್ಡಿನ ಮೇಲೆ ಉತ್ತರ ಬರೆಯಬೇಕಿತ್ತು. ಮೊದಲನೆಯವನು ಎಪ್ಪತ್ತಮೂರು ಎಂದು ಬರೆದ. ಮೇಡಂಗೆ ಒಂದು ಕ್ಷಣ ಸಂತೋಷವೇ ಆಯಿತು. ಎರಡನೆಯವನೂ ಎಪ್ಪತ್ತಮೂರು ಎಂದು ಬರೆದ. ಮೂರನೆಯವನು ಚಾಕ್‌ಪೀಸ್ ಎತ್ತುವ ಹೊತ್ತಿಗೆ ಮೇಡಂ ಕುರ್ಚಿಯ ತೋಳು ಹಿಡಿದುಕೊಂಡಿದ್ದರು. ಐದು ತಂಡ, ಐದೂ ಎಪ್ಪತ್ತಮೂರು.

"ನಿಜವಾಗಿ ಎಷ್ಟಿದ್ದವು ಮೇಡಂ?" ಎಂದು ಸಾಹೇಬರು ಕೇಳಿದರು.

"ಎಪ್ಪತ್ತಮೂರು," ಎಂದರು ಮೇಡಂ. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥ ಕೋರ್ಸನ್ನು ಮುಚ್ಚುವುದುಂಟೇ, ಬೇರೆ ಶಾಲೆಗಳಿಗೂ ಇದೇ ಮಾದರಿಯಾಗಬೇಕು ಎಂದರು. ಮೂವತ್ತು ಗಂಡಸರು ಬೆಂಚು ಕುಟ್ಟಿದರು. ಕಂಡಕ್ಟರನ ಮುಖ ಮಗಳ ಮದುವೆ ಮುಗಿಸಿದ ತಂದೆಯ ಹಾಗೆ ಬೆಳಗುತ್ತಿತ್ತು.

ಮೇಡಂ ಗಂಡ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುವುದು ಕೆಲಸ. "ಒಂದಿಷ್ಟೂ ಆಚೀಚೆ ಆಗದ ತಕ್ಕಡಿ ಕಂಡ್ರೆ ನಾನು ಮೊದಲು ತಟ್ಟೆ ಅಡಿಗೆ ಕೈ ಹಾಕಿ ನೋಡ್ತೀನಿ" ಎಂದು ಅವರು ಹೇಳುವುದಿತ್ತು. ಅಂದಾಜಿನ ವಿದ್ಯೆಯಲ್ಲೂ ಅಷ್ಟೇ. ಐದು ತಂಡ ಬೇರೆ ಬೇರೆ ಗೆರೆಗಳಲ್ಲಿ ನಡೆದರೆ ಒಬ್ಬರಿಗೆ ಹೆಚ್ಚು ಬರುತ್ತದೆ, ಒಬ್ಬರಿಗೆ ಕಡಿಮೆ ಬರುತ್ತದೆ, ಬರಲೇಬೇಕು. ಐದೂ ಒಂದೇ ಬಂತು ಎಂದರೆ ಅದು ಎಣಿಸಿದ ಉತ್ತರವಲ್ಲ, ಕೇಳಿಕೊಂಡು ಬಂದ ಉತ್ತರ. ಎಷ್ಟೋ ಬ್ಯಾಚುಗಳು ತಪ್ಪು ಉತ್ತರ ಕೊಟ್ಟಾಗಲೂ ಮೇಡಂಗೆ ಇಷ್ಟು ಸಂಕಟವಾಗಿರಲಿಲ್ಲ.

ಸಾಹೇಬರು ಪ್ರಿನ್ಸಿಪಾಲರ ಕೋಣೆಗೆ ಚಹಾಕ್ಕೆ ಹೋದರು. ಮೇಡಂ ಬೋರ್ಡಿನ ಹತ್ತಿರವೇ ಉಳಿದರು. ನಿಜ ಹೇಳಬೇಕೆಂದು ಅನಿಸಲಿಲ್ಲವೆಂದಲ್ಲ, ಹೇಳದಿದ್ದರೇನು ಎಂದೂ ಅನಿಸಿತು. ಕೋರ್ಸ್ ಉಳಿಯುತ್ತದೆ. ಮುಂದಿನ ಬ್ಯಾಚಿಗೆ ನೆಟ್ಟಗೆ ಕಲಿಸಬಹುದು. ಒಂದು ಸುಳ್ಳಿಗೆ ಬಾಯಿ ಮುಚ್ಚಿದರೆ ಹತ್ತು ವರ್ಷದ ನಿಜ ಬದುಕುತ್ತದೆ ಎಂದು ಮನಸ್ಸು ವಕೀಲಿ ಮಾಡಿತು. ಆ ವಕೀಲಿಯನ್ನು ಅರ್ಧಕ್ಕೇ ನಿಲ್ಲಿಸಿ ಕಂಡಕ್ಟರನನ್ನು ಕರೆದರು. ಉಳಿದವರು ಹೊರಗೆ ಹೋಗಿ ತರಗತಿ ಖಾಲಿಯಾಗಿತ್ತು.

"ಬಡಗಿಯನ್ನ ಕೇಳಿದ್ರಾ?"

ಕಂಡಕ್ಟರ್ ತಲೆ ತಗ್ಗಿಸಲಿಲ್ಲ. "ಕೇಳಿದ್ವಿ ಮೇಡಂ. ಪಾಪ, ಮೊದಲು ಹೇಳಲೇ ಇಲ್ಲ. ಮೇಡಂ ಕೋರ್ಸ್ ಹೋಗುತ್ತೆ ಅಂದ ಮೇಲೆ ಹೇಳಿದ."

"ನಡೆದದ್ದೂ ಸುಳ್ಳಾ?"

"ಇಲ್ಲ ಮೇಡಂ, ಸತ್ಯವಾಗ್ಲೂ ನಡೆದ್ವಿ. ಅಳೆದ್ವಿ. ಲೆಕ್ಕನೂ ಹಾಕಿದ್ವಿ. ಒಬ್ಬರಿಗೆ ಐವತ್ತೆರಡು ಬಂತು, ಒಬ್ಬರಿಗೆ ಎಂಬತ್ತೆಂಟು. ಇನ್ನು ಮೂರು ತಂಡಕ್ಕೆ ಅರವತ್ತನಾಲ್ಕು, ಎಪ್ಪತ್ತೊಂಬತ್ತು, ಎಪ್ಪತ್ತು. ಇದನ್ನ ಸಾಹೇಬರ ಮುಂದೆ ಇಟ್ರೆ ಮರ್ಯಾದೆ ಇರುತ್ತಾ? ಅದಕ್ಕೇ ಊಟ ಬಿಟ್ಟು ಕೂತು ಎಲ್ಲರದ್ದೂ ತಾಳೆ ಮಾಡಿದೆ."

ಮೇಡಂ ಮನಸ್ಸಿನಲ್ಲೇ ಐದನ್ನೂ ಕೂಡಿ ಐದರಿಂದ ಭಾಗಿಸಿದರು. ಹೆಚ್ಚುಕಡಿಮೆ ಎಪ್ಪತ್ತೊಂದು. ಎಷ್ಟೋ ವರ್ಷಗಳಲ್ಲಿ ಯಾವ ಬ್ಯಾಚಿಗೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಕೈಗೆ ಬಂದ ತುತ್ತನ್ನು ಈ ಪುಣ್ಯಾತ್ಮರು ಬಾಯಿಗೆ ಹೋಗದ ಹಾಗೆ ತಾವೇ ತಟ್ಟಿ ಬೀಳಿಸಿದ್ದರು.

"ತಾಳೆ ಹೇಗೆ ಮಾಡಿದೆ?" ಎಂದರು.

"ಸುಲಭ ಮೇಡಂ. ಐವತ್ತೆರಡು ಬಂದವರ ಜಿಂಕೆಗಳನ್ನ ಗೆರೆ ಹತ್ತಿರಕ್ಕೆ ಎಳೆದೆ. ದೂರ ಇದ್ದದ್ದನ್ನ ಹತ್ತಿರ ಅಂತ ಬರೆದೆ. ಎಂಬತ್ತೆಂಟು ಬಂದವರದ್ದನ್ನ ದೂರ ತಳ್ಳಿದೆ."

"ಹತ್ತಿರ ಎಳೆದ್ರೆ ಸಂಖ್ಯೆ ಯಾಕೆ ಜಾಸ್ತಿ ಆಗುತ್ತೆ?"

"ಅಷ್ಟೂ ಗೊತ್ತಾಗಲ್ವಾ ಮೇಡಂ? ಕಂಡದ್ದೆಲ್ಲ ಗೆರೆ ಬುಡದಲ್ಲೇ ಇದೆ ಅಂದ್ರೆ ಕಣ್ಣು ದೂರ ಹೋಗೇ ಇಲ್ಲ ಅಂತ ಅರ್ಥ. ಕಣ್ಣು ಹೋಗದ ಕಡೆ ತುಂಬಾ ತಪ್ಪಿಸಿಕೊಂಡಿವೆ. ದೂರದ್ದೂ ಕಂಡಿದೆ ಅಂದ್ರೆ ಕಣ್ಣು ಚೆನ್ನಾಗಿ ಹರಿದಿದೆ, ತಪ್ಪಿಸಿಕೊಂಡದ್ದು ಕಡಿಮೆ. ಅದನ್ನ ಹಿಂದುಮುಂದು ಮಾಡಿ ಸೂತ್ರಕ್ಕೆ ಹಾಕಿದ್ರೆ ಎಲ್ಲಿ ಎಷ್ಟು ಎಳೀಬೇಕು ಅಂತ ಗೊತ್ತಾಗುತ್ತೆ."

ಮೇಡಂ ಬೆಂಚಿನ ಮೇಲೆ ಕೂತುಬಿಟ್ಟರು. ಇಷ್ಟು ವರ್ಷದಲ್ಲಿ ಈ ಪಾಠವನ್ನು ಇಷ್ಟು ಸ್ಪಷ್ಟವಾಗಿ ಒಪ್ಪಿಸಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ. ಗುಂಡಿ ಡಬ್ಬಿಯ ಕಥೆಗಿಂತ ಇವನ ಮಾತೇ ಚೆನ್ನಾಗಿತ್ತು. ವಿದ್ಯೆ ಅಷ್ಟೂ ತಲೆಗೆ ಹೋಗಿತ್ತು. ಅದು ಯಾತಕ್ಕೆ ಎಂಬುದೊಂದು ಮಾತ್ರ ಹೋಗಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯದೆ ಬೋರ್ಡಿನ ಮೇಲಿನ ಐದು ಎಪ್ಪತ್ತಮೂರುಗಳನ್ನು ನೋಡಿದರು.

"ಮುಂದಿನ ತಿಂಗಳು ಕಾಡಿಗೆ ಹೋಗ್ತೀರಲ್ಲ, ನಿಜವಾದ ಎಣಿಕೆಗೆ," ಎಂದರು ಕಡೆಗೆ. "ಅಲ್ಲಿ ಜಿಂಕೆಗಳನ್ನ ಯಾವ ಬಡಗಿ ನೆಟ್ಟಿರ್ತಾನೆ? ಅಲ್ಲಿ ಯಾರನ್ನ ಕೇಳ್ತೀಯ?"

ಕಂಡಕ್ಟರ್ ಯೋಚಿಸಲೂ ಇಲ್ಲ. "ಅಲ್ಲಿ ಸಾಹೇಬರನ್ನೇ ಕೇಳಿದ್ರಾಯ್ತು ಮೇಡಂ. ಎಷ್ಟು ಬೇಕೋ ಅವರೇ ಹೇಳ್ತಾರೆ."

ಅದರಲ್ಲಿ ಕುಹಕವಿರಲಿಲ್ಲ. ಕಷ್ಟದಲ್ಲಿರುವ ಮೇಡಂಗೆ ಧೈರ್ಯ ಹೇಳುವವನ ದನಿ ಅದು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಬೇಲಿಗೆ ಕೋಪವಿರಬೇಕೆಂದೇನೂ ಇಲ್ಲ ನೋಡಿ. ಮೇಡಂ ಗೋಡೆ ಹಿಡಿದು ಎದ್ದರು. ಕುಂಟುತ್ತ ಪ್ರಿನ್ಸಿಪಾಲರ ಕೋಣೆಗೆ ನಡೆದರು. ಸಾಹೇಬರು ಕೈಯಲ್ಲಿ ಲೋಟ ಹಿಡಿದು ಯಾವುದೋ ಹಳೆಯ ವರ್ಗಾವಣೆಯ ಕಥೆ ಹೇಳುತ್ತಿದ್ದರು.

"ಸರ್, ಆ ಐದು ಉತ್ತರವೂ ಸುಳ್ಳು."

ಸಾಹೇಬರು ಲೋಟ ಕೆಳಗಿಟ್ಟರು. "ನೀವು ನೆಡಿಸಿದ್ದು ಎಷ್ಟು?"

"ಎಪ್ಪತ್ತಮೂರು."

"ಅವರು ಹೇಳಿದ್ದು?"

"ಎಪ್ಪತ್ತಮೂರು."

ಸಾಹೇಬರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಕಿಟಕಿ ನೋಡಿದರು. ಮೇಡಂ ನಡೆದದ್ದನ್ನೆಲ್ಲ ಹೇಳಿದರು. ಹುಡುಗರ ಮೇಲೆ ಕ್ರಮ ಬೇಡ, ತಪ್ಪು ತಮ್ಮದು, ಬಡಗಿಗೆ ಸಂಖ್ಯೆ ತಿಳಿಸಬಾರದಿತ್ತು ಎಂದರು. ಮೊದಲು ಬಂದ ಐದು ಉತ್ತರಗಳನ್ನೂ ಹೇಳಿ, ಅವು ತುಂಬಾ ಒಳ್ಳೆಯ ಉತ್ತರಗಳು ಎಂದರು.

"ಐವತ್ತೆರಡೂ ಒಳ್ಳೇದು, ಎಂಬತ್ತೆಂಟೂ ಒಳ್ಳೇದಾ?"

"ಎರಡೂ ಪ್ರಾಮಾಣಿಕವಾದದ್ದು ಸರ್. ಐದೂ ಸೇರಿಸಿ ನೋಡಿದ್ರೆ, ಸುಮಾರು ಎಪ್ಪತ್ತು, ಐವತ್ತರಿಂದ ತೊಂಬತ್ತರೊಳಗೆ ಅಂತ ಧೈರ್ಯವಾಗಿ ಹೇಳಬಹುದು."

"ಐವತ್ತರಿಂದ ತೊಂಬತ್ತರೊಳಗೆ ಅಂತ ಹೇಳೋಕೆ ಮೂರು ವಾರದ ಕೋರ್ಸ್ ಯಾಕೆ ಮೇಡಂ? ನನ್ನ ಡ್ರೈವರ್ ಕಾರಲ್ಲಿ ಕೂತೇ ಹೇಳ್ತಾನೆ," ಎಂದು ಸಾಹೇಬರು ಎದ್ದರು. "ಸರಿ ಉತ್ತರ ಬಂದ್ರೂ ನಿಮಗೆ ಸಮಾಧಾನ ಇಲ್ಲ. ನಿಮ್ಮನ್ನ ಮೆಚ್ಚಿಸೋದು ಹೇಗೆ ಅಂತಾನೇ ಗೊತ್ತಾಗ್ತಿಲ್ಲ."

ಆದೇಶ ಬರಲು ತಡವಾಗಲಿಲ್ಲ. ಕೋರ್ಸ್ ಒಂದು ಮಧ್ಯಾಹ್ನಕ್ಕೆ ಇಳಿಯಿತು. ಪ್ಲೈವುಡ್ ಜಿಂಕೆಗಳನ್ನು ಬಯಲಿನಿಂದ ಕಿತ್ತು ಗ್ಯಾರೇಜಿನ ಹಿಂದೆ ಪೇರಿಸಿದರು, ಬಯಲಿನಲ್ಲೀಗ ಜೀಪು ತಿರುಗಿಸಲು ಜಾಗ ಬೇಕಿತ್ತು. ಗಾರ್ಡುಗಳು ತರಬೇತಿ ಮುಗಿಸಿ ಹೊರಟ ದಿನ ಎಲ್ಲರೂ ಕೈಮುಗಿದು ಹೋದರು, ಕಂಡಕ್ಟರ್ ಮಾತ್ರ ದೂರದಲ್ಲೇ ನಿಂತಿದ್ದ. "ನಿಮಗೋಸ್ಕರ ಮಾಡಿದ್ದು ಮೇಡಂ" ಎಂದಷ್ಟೇ ಹೇಳಿದ. "ಗೊತ್ತಪ್ಪ" ಎಂದರು ಮೇಡಂ. ಮನೆಗೆ ಬಂದು ಯಾರ ಮೇಲೂ ಅಲ್ಲದ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡರು. ತಪ್ಪು ಮಾಡಿದವನ ಮೇಲೆ ಸಿಟ್ಟು ಮಾಡಬಹುದು, ಪ್ರೀತಿಯಿಂದ ತಪ್ಪು ಮಾಡಿದವನನ್ನು ಏನು ಮಾಡುವುದು?

ಕಾಡಿನ ಎಣಿಕೆ ಶುರುವಾದ ಮೇಲೆ ಒಂದು ಬೆಳಿಗ್ಗೆ, ಮೇಡಂ ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿರುವಾಗ ಫೋನ್ ಬಂತು. ಕಂಡಕ್ಟರ್.

"ಮೇಡಂ, ಇವತ್ತು ಗೆರೆ ಪೂರ್ತಿ ನಡೆದೆ. ಒಂದು ಜಿಂಕೆನೂ ಕಾಣಲಿಲ್ಲ."

"ಸರಿ. ಸೊನ್ನೆ ಬರಿ."

"ಅದೇ ಮೇಡಂ. ಹೋದ ವರ್ಷಕ್ಕಿಂತ ಕಮ್ಮಿ ಬರಬಾರದು ಅಂತ ಮೇಲಿಂದ ಹೇಳಿ ಕಳಿಸಿದ್ದಾರೆ. ಪಕ್ಕದ ಗೆರೆಯವನು ಆರು ಬರೆದ. ಅವನಿಗೂ ಒಂದೂ ಕಂಡಿಲ್ಲ."

"ಮತ್ತೆ ನನಗ್ಯಾಕೆ ಫೋನ್ ಮಾಡಿದೆ?" ಮೇಡಂ ದನಿ ಬೇಕೆಂದದ್ದಕ್ಕಿಂತ ಗಟ್ಟಿಯಾಯಿತು.

"ನಾನೂ ನಾಲ್ಕು ಬರೆಯೋಣ ಅಂತಿದ್ದೆ ಮೇಡಂ. ಎಷ್ಟು ದೂರದಲ್ಲಿ ಅಂತ ಬರೀಬೇಕಲ್ಲ. ಹತ್ತಿರ ಅಂದ್ರೆ ಲೆಕ್ಕ ಏರುತ್ತೆ, ದೂರ ಅಂದ್ರೆ ಇಳಿಯುತ್ತೆ ಅಂತ ಗೊತ್ತಲ್ಲ. ಅಲ್ಲಿಗೆ ಬಂದು ಕೈ ನಿಂತುಹೋಯ್ತು." ಅವನು ದನಿ ತಗ್ಗಿಸಿದ. "ಸೊನ್ನೆ ಬರೆದ್ರೆ ಸಾಹೇಬರು ಬೈತಾರಲ್ವಾ ಮೇಡಂ?"

ಇಲ್ಲ, ಯಾಕೆ ಬೈತಾರೆ, ನಾನಿದ್ದೀನಿ ಬಿಡು ಎಂದಿದ್ದರೆ ಅವನು ಆಗಲೇ ಸೊನ್ನೆ ಬರೆದುಬಿಡುತ್ತಿದ್ದನೇನೋ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಒಂದೇ ಒಂದು ಸುಳ್ಳು, ಅದೂ ಒಳ್ಳೆಯದಕ್ಕೆ.

"ಬೈತಾರೆ," ಎಂದರು ಮೇಡಂ.